ಕ್ಯಾಸಿನೊ ಹಡಗು ಬಿಟ್ಟರೆ ಪಣಜಿಯಲ್ಲಿ ಏನಿದೆ?

ಈ ಸಲದ ಅಂಚೆಯಲ್ಲಿ ಪಣಜಿಯದ್ದೇ ಜೋರು. ನಾನು ಹುಟ್ಟಿದ್ದು ಕಾರವಾರದಲ್ಲಿ. ಬ್ಯಾಂಕಿನ ವರ್ಗಾವಣೆ ಅಂತ ಪಣಜಿಗೆ ಬಂದವಳು ಅಲ್ಲೇ ಬೇರುಬಿಟ್ಟೆ, ಈಗ ರೈಬಂದರಿನಲ್ಲಿ ಮನೆ. ಹಾಗಾಗಿ ಗೋವಾದ ಪತ್ರ ಬಂದರೆ ಸಂಪಾದಕರು ಒಡೆದೂ ನೋಡದೆ ನನ್ನ ಕಡೆ ತಳ್ಳುತ್ತಾರೆ. ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು, ಇರಲಿ.

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರ ಆಫೀಸಿನವರೆಲ್ಲ ಸೇರಿ ಪಣಜಿಗೆ ಹೊರಟಿದ್ದಾರೆ. ಎರಡು ರಾತ್ರಿಯ ಪ್ಯಾಕೇಜು. ಎರಡೂ ರಾತ್ರಿ ಗಂಡಸರು ಕ್ಯಾಸಿನೊ ಹಡಗಿನಲ್ಲೇ ಇರುತ್ತಾರಂತೆ. ನಾನು, ಅತ್ತೆ, ಹತ್ತು ವರ್ಷದ ಮಗಳು ರೂಮಿನಲ್ಲಿ ಟಿ.ವಿ. ನೋಡುತ್ತಾ ಕೂರಬೇಕಾ? ಅತ್ತೆ ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಆಗಲ್ಲ. ನಾನು ಮೀನು ತಿಂತೀನಿ, ಅದು ಅತ್ತೆಗೆ ಗೊತ್ತಿಲ್ಲ. ದಯವಿಟ್ಟು ಹೆಸರು ಹಾಕಬೇಡಿ.
— ಓದುಗರು, ಹುಬ್ಬಳ್ಳಿ

ಉತ್ತರ: ಹೆಸರು, ಬಡಾವಣೆ ಎರಡೂ ತೆಗೆದಿದ್ದೇನೆ. ಅತ್ತೆಯವರು ಈ ಪತ್ರಿಕೆ ಓದಿದರೂ ಹೆದರಬೇಡಿ, ಹುಬ್ಬಳ್ಳಿಯಲ್ಲಿ ಇಂಥ ಸೊಸೆಯರು ಬಹಳ ಮಂದಿ ಇದ್ದಾರೆ.

ಮೊದಲು ಒಂದು ವಿಷಯ. ಮಾಂಡವಿ ನದಿಯಲ್ಲಿ ದೀಪ ಹಚ್ಚಿಕೊಂಡು ನಿಂತಿರುವ ಆ ಹಡಗುಗಳಲ್ಲಿ ಜೂಜಾಡಲು ಗೋವಾದವರಿಗೇ ಅವಕಾಶ ಇಲ್ಲ. 2020ರ ಫೆಬ್ರವರಿಯಿಂದ ಸರಕಾರ ಅದನ್ನು ನಿಲ್ಲಿಸಿದೆ. ಅಲ್ಲಿಗೆ ಹೋಗುವವರು ನಿಮ್ಮ ಯಜಮಾನರಂಥ ಹೊರಗಿನವರು. ಹಾಗಾದರೆ ಪಣಜಿಯ ಜನ ಸಂಜೆ ಎಲ್ಲಿಗೆ ಹೋಗುತ್ತಾರೆ? ಅವರ ಹಿಂದೆ ನೀವೂ ಹೋಗಿ. ನನ್ನ ಉತ್ತರ ಇಷ್ಟೇ, ಮಿಕ್ಕಿದ್ದೆಲ್ಲ ವಿವರ.

ಮೊದಲ ಸಂಜೆ ಐದರ ಹೊತ್ತಿಗೆ ಚರ್ಚ್ ಸ್ಕ್ವೇರಿಗೆ ಬನ್ನಿ. ಗುಡ್ಡದ ಮೇಲೆ ಬಿಳಿ ಚರ್ಚು, ಅದರ ಮುಂದೆ ಅತ್ತ ಇತ್ತ ಮಡಚಿಕೊಂಡು ಏರುವ ಮೆಟ್ಟಿಲು. ಎಲ್ಲ ಫೋಟೊಗಳಲ್ಲೂ ಅದೇ ಇರುತ್ತದೆ, ಗುರುತು ಸಿಗುತ್ತದೆ. ಅತ್ತೆಗೆ ಮೊಣಕಾಲು ನೋವಿದ್ದರೆ ಮೆಟ್ಟಿಲು ಬೇಡ, ಕೆಳಗಿನ ಮುನಿಸಿಪಲ್ ಗಾರ್ಡನ್‌ನಲ್ಲಿ ಕೂರಿಸಿ. ಆಫೀಸು ಬಿಟ್ಟವರು, ಟ್ಯೂಷನ್ ಮುಗಿಸಿದ ಮಕ್ಕಳು, ಪೇಪರ್ ಓದುವ ಅಜ್ಜಂದಿರು ಎಲ್ಲ ಅಲ್ಲೇ ಇರುತ್ತಾರೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕಫೆ ತಾತೊ ಇದೆ. ಸಸ್ಯಾಹಾರಿ ಹೋಟೆಲು, ಹಳೆಯದು. ಸಂಜೆ ಅಲ್ಲಿ ಭಾಜಿ-ಪಾವ್ ತಿನ್ನದೆ ಮನೆಗೆ ಹೋಗದ ಜನ ಇದ್ದಾರೆ.

ಮುಂಬೈ ಪಾವ್‌ಭಾಜಿ ಅಂತ ತಿಳಿಯಬೇಡಿ. ಬೆಣ್ಣೆ, ಕೆಂಪು ಬಣ್ಣ ಒಂದೂ ಇಲ್ಲ. ಪಾತಳ್ ಭಾಜಿ ಅಂದರೆ ಒಣ ಬಟಾಣಿಯ ತೆಳು ಗೊಜ್ಜು, ಹುರಿದ ಕೊಬ್ಬರಿ ಮಸಾಲೆಯ ವಾಸನೆ ಇರುತ್ತದೆ. ಸುಕಿ ಭಾಜಿ ಅಂದರೆ ನಮ್ಮ ಪೂರಿಯ ಜೊತೆ ಕೊಡುವಂಥ ಒಣ ಬಟಾಟೆ ಪಲ್ಯ. ಎರಡನ್ನೂ ಒಂದೇ ತಟ್ಟೆಗೆ ಹಾಕಿಸಿಕೊಳ್ಳುವುದಕ್ಕೆ 'ಮಿಕ್ಸ್' ಅನ್ನುತ್ತಾರೆ. ನೀವೂ ಹಾಗೇ ಹೇಳಿ. ಜೊತೆಗೆ ಒಂದು ಮಿರ್ಚಿ. ಬನ್ಸ್ ಇದ್ದರೆ ಮಗಳಿಗೆ ಅದೇ ಸಾಕು, ಮಂಗಳೂರಿನ ಬಾಳೆಹಣ್ಣಿನ ಬನ್ಸೇ ಅದು. ಜನ ಜಾಸ್ತಿ ಇದ್ದಾಗ ನಿಮ್ಮ ಟೇಬಲ್ಲಿಗೇ ಅಪರಿಚಿತರು ಬಂದು ಕೂರುತ್ತಾರೆ. ಅತ್ತೆಗೆ ಮೊದಲೇ ಹೇಳಿಡಿ, ಅಲ್ಲಿ ಅದು ಒರಟುತನ ಅಲ್ಲ.

ಆಮೇಲೆ ನದಿ ದಂಡೆಗೆ ನಡೆಯಿರಿ. ಬಾಂದೋಡ್ಕರ್ ರಸ್ತೆಯಲ್ಲಿ ಆಚೆ ದಡದ ಬೆತಿಂ ಊರಿಗೆ ಹೋಗುವ ಫೆರಿ ನಿಲ್ಲುತ್ತದೆ. ನಡೆದು ಹತ್ತುವವರಿಗೆ ಟಿಕೆಟ್ಟೇ ಇಲ್ಲ. ಫೆರಿ ದಡಕ್ಕೆ ತಾಗಿದ ಕೂಡಲೇ ಮುಂದಿನ ಕಬ್ಬಿಣದ ಹಲಗೆ ಧಡಾರ್ ಅಂತ ಬೀಳುತ್ತದೆ. ಅದು ಪೂರ್ತಿ ಮಲಗುವ ಮೊದಲೇ ಸ್ಕೂಟರುಗಳು ಹಾರನ್ ಹೊಡೆಯುತ್ತಾ ಹೊರಗೆ ನುಗ್ಗುತ್ತವೆ. ಅವು ಖಾಲಿಯಾಗುವವರೆಗೆ ಪಕ್ಕದಲ್ಲಿ ನಿಂತಿದ್ದು ಆಮೇಲೆ ಹತ್ತಿ. ಸೈಡಿನ ಕಂಬಿ ಹಿಡಿದು ನಿಂತರೆ ಖಾಲಿ ಬುಟ್ಟಿಯ ಮೀನುಗಾರ್ತಿಯರು, ಟಿಫಿನ್ ಡಬ್ಬಿಯ ಗುಮಾಸ್ತರು, ಕಾಲೇಜು ಹುಡುಗರು ನಿಮ್ಮ ಜೊತೆ. ನಿಮಿಷಗಳ ದಾರಿ, ಅಷ್ಟರಲ್ಲಿ ಕತ್ತಲಾಗಿರುತ್ತದೆ. ಕ್ಯಾಸಿನೊ ಹಡಗುಗಳ ನೀಲಿ, ಗುಲಾಬಿ ದೀಪ ನೀರಿನ ಮೇಲೆ ಉದ್ದಕ್ಕೆ ಹಾಸಿರುತ್ತವೆ. ನಿಮ್ಮ ಯಜಮಾನರು ದುಡ್ಡು ಕೊಟ್ಟು ಒಳಗೆ ಕೂತಿರುವ ಹಡಗನ್ನು ನೀವು ಪುಕ್ಕಟೆ ಹೊರಗಿಂದ ನೋಡುತ್ತೀರಿ. ಹೊರಗಿಂದಲೇ ಅದು ಚೆಂದ. ಆ ಕಡೆ ಇಳಿದು ಒಂದು ಚಹಾ ಕುಡಿದು ಮುಂದಿನ ಫೆರಿಗೆ ವಾಪಸ್ ಬನ್ನಿ.

ಒಂದು ತಾಸಿನ ಬೋಟ್ ಕ್ರೂಸ್ ಅಂತ ದಂಡೆಯಲ್ಲಿ ಕೂಗಿ ಕರೆಯುತ್ತಾರೆ. ಸ್ಪೀಕರು, ಡ್ಯಾನ್ಸು, ನೂಕುನುಗ್ಗಲು. ನಾನಂತೂ ಹೋಗಿ ಅಂತ ಹೇಳಲ್ಲ.

ಮಾರನೇ ದಿನ ಬೇಗ ಏಳಿ. ಪಣಜಿ ನಿಜಕ್ಕೂ ಬೆಳಗಿನ ಊರು, ಕ್ಯಾಸಿನೊದವರು ಮಲಗುವ ಹೊತ್ತಿಗೆ ಅದು ಏಳುತ್ತದೆ. ಏಳು ಗಂಟೆಗೆಲ್ಲ ಫೊಂಟೆಯಿನ್ಯಾಸ್ ಓಣಿಗಳಲ್ಲಿ ಇರಿ. ಕದಂಬ ಬಸ್ ಸ್ಟ್ಯಾಂಡಿನಿಂದ ಔರೆಂ ಹಳ್ಳ ದಾಟಿದರೆ ಸಿಗುವ ಹಳೇ ಪೋರ್ಚುಗೀಸ್ ಕೇರಿ ಅದು. ಹಳದಿ, ನೀಲಿ, ಇಟ್ಟಿಗೆ ಕೆಂಪಿನ ಮನೆಗಳು, ರಸ್ತೆಗೆ ಚಾಚಿದ ಕಿರಿದಾದ ಬಾಲ್ಕನಿಗಳು. ಬರೀ ಬಿಳಿ ಬಣ್ಣ ಚರ್ಚು, ಚಾಪೆಲ್ಲುಗಳಿಗೆ ಅಂತ ಹಳೇ ರೂಢಿ. ಸೇಂಟ್ ಸೆಬಾಸ್ಟಿಯನ್ ಚಾಪೆಲ್ 1818ರದ್ದು. ಒಳಗಿರುವ ಶಿಲುಬೆ ಹಿಂದೆ ಹಳೇ ಗೋವಾದ ಇನ್‌ಕ್ವಿಸಿಷನ್ (ಚರ್ಚಿನ ಧರ್ಮವಿಚಾರಣೆ ಕೋರ್ಟು) ಅರಮನೆಯಲ್ಲಿತ್ತು. ಸಾಮಾನ್ಯವಾಗಿ ಶಿಲುಬೆಯ ಮೇಲೆ ಏಸುವಿನ ಕಣ್ಣು ಮುಚ್ಚಿರುತ್ತದೆ, ಇಲ್ಲಿ ತೆರೆದಿದೆ. ಮಗಳಿಗೆ ಹೇಳಬೇಡಿ, ಅವಳೇ ಕಂಡುಹಿಡಿಯಲಿ.

ಒಂದು ವಿನಂತಿ. ಅವು ಜನ ಇರುವ ಮನೆಗಳು. ಯಾರದೋ ಜಗುಲಿ ಮೇಲೆ ಹತ್ತಿ ರೀಲ್ ಮಾಡುವವರಿಂದ ಅಲ್ಲಿನವರು ರೋಸಿಹೋಗಿದ್ದಾರೆ, ಫೋಟೊ ಬೇಡ ಅಂತ ಬೋರ್ಡು ಹಾಕಿದ್ದಾರೆ. ರಸ್ತೆಯಲ್ಲಿ ನಿಂತು ತೆಗೆಯಿರಿ, ಕಿಟಕಿಯೊಳಗೆ ಇಣುಕಬೇಡಿ.

ಅದೇ ಕೇರಿಯಲ್ಲಿ 31 ದೆ ಜನೆಯ್ರೊ ಅನ್ನುವ ಹಳೇ ಬೇಕರಿ ಇದೆ. ಬಿಬಿಂಕಾ ಗೋವಾದ ಪ್ರಸಿದ್ಧ ಸಿಹಿ, ಪದರ ಪದರವಾಗಿ ಬೇಯಿಸುತ್ತಾರೆ, 2023ರಲ್ಲಿ ಜಿ.ಐ. ಗುರುತೂ ಸಿಕ್ಕಿದೆ. ಆದರೆ ಅದರಲ್ಲಿ ಮೊಟ್ಟೆಯ ಹಳದಿ ಧಾರಾಳ. ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಅತ್ತೆಗೆ ದೊದೊಲ್ ಕೊಡಿಸಿ. ಅಕ್ಕಿ ಹಿಟ್ಟು, ಕಪ್ಪು ಬೆಲ್ಲ, ತೆಂಗಿನ ಹಾಲು, ಇಷ್ಟೇ. ಅಥವಾ ಜಾತ್ರೆಗಳಲ್ಲಿ ಮಾರುವ ಖಾಜೆ, ಕಡಲೆ ಹಿಟ್ಟಿನ ಕಡ್ಡಿಗೆ ಶುಂಠಿ ಬೆಲ್ಲದ ಪಾಕ ಹಿಡಿಸಿದ್ದು. ಹಲ್ಲು ಗಟ್ಟಿ ಇರಬೇಕು.

ಬಿಸಿಲೇರಿದ ಮೇಲೆ ಮಗಳನ್ನು ಪಾಟ್ಟೊದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ಪ್ರವಾಸಕ್ಕೆ ಬಂದು ಲೈಬ್ರರಿಯಾ ಅನ್ನಬೇಡಿ. 1832ರಲ್ಲಿ ಶುರುವಾದ ಗ್ರಂಥಾಲಯ, ಈಗ ದೊಡ್ಡ ಹೊಸ ಕಟ್ಟಡ, ಮಕ್ಕಳಿಗೆ ಬೇರೆ ವಿಭಾಗ. ಮಧ್ಯಾಹ್ನದ ಸೆಕೆಯಲ್ಲಿ ಅದರಷ್ಟು ತಂಪಾದ, ದುಡ್ಡು ಕೇಳದ ಜಾಗ ಪಣಜಿಯಲ್ಲಿ ಇನ್ನೊಂದಿಲ್ಲ.

ಇನ್ನು ನಿಮ್ಮ ಗುಟ್ಟಿನ ವಿಷಯ. ಒಂದರಿಂದ ನಾಲ್ಕರವರೆಗೆ ಪಣಜಿಯ ಅರ್ಧ ಅಂಗಡಿಗಳು ಬಾಗಿಲು ಹಾಕುತ್ತವೆ, ಊರೇ ಮಲಗುತ್ತದೆ. ಅತ್ತೆಯವರೂ ಮಧ್ಯಾಹ್ನ ಸ್ವಲ್ಪ ಅಡ್ಡಾಗುತ್ತಾರೆ ಅಲ್ವಾ? ಮೀನು ಊಟದ ಹೊತ್ತು ಅದೇ. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೊರಡಿ. ಹದಿನೆಂಟು ಜೂನ್ ರಸ್ತೆಯ ರಿಟ್ಜ್ ಕ್ಲಾಸಿಕ್‌ನಲ್ಲಿ ಸಾಲು ಇರುತ್ತದೆ, ನಿಂತರೂ ನಷ್ಟವಿಲ್ಲ. ಫೊಂಟೆಯಿನ್ಯಾಸ್ ಕಡೆ ಆನಂದಾಶ್ರಮ ಅನ್ನುವ ಚಿಕ್ಕ ಹೋಟೆಲಿದೆ, ನನಗೆ ಅದು ಹೆಚ್ಚು ಇಷ್ಟ. ವಾಪಸ್ ಬರುವ ಮೊದಲು ಸೋಪು ಹಚ್ಚಿ ಕೈ ತೊಳೆದು, ನಿಂಬೆ ಹೋಳು ಉಜ್ಜಿಕೊಳ್ಳಿ. ಮುಂದಿನದು ನಿಮ್ಮ ಅದೃಷ್ಟ.

ಎರಡನೇ ಸಂಜೆಗೆ ಎರಡು ದಾರಿ. ಅತ್ತೆಗೆ ದೇವಸ್ಥಾನ ಬೇಕು ಅಂದರೆ ಬೆಳಿಗ್ಗೆಯ ಸುತ್ತಾಟ ಕಡಿಮೆ ಮಾಡಿ, ಮಧ್ಯಾಹ್ನ ಮೂರೂವರೆಗೇ ಹೊರಟು ಮಂಗೇಶಿಗೆ ಹೋಗಿ. ಪಣಜಿಯಿಂದ ಸುಮಾರು 20 ಕಿಲೋಮೀಟರು, ಪೋಂಡಾ ರಸ್ತೆಯಲ್ಲಿ. ಮುಂದೆ ಮಾರ್ದೋಳದ ಮಹಾಲಸಾ, ಕವಳೆಯ ಶಾಂತಾದುರ್ಗಾ. ಪೋರ್ಚುಗೀಸರಿಗೆ ಹೆದರಿ 16ನೇ ಶತಮಾನದಲ್ಲಿ ನದಿಯಾಚೆ ಹೊತ್ತು ತಂದಿಟ್ಟ ದೇವರುಗಳಿವು. ದೀಪಸ್ತಂಭ ಹಚ್ಚಿದ ದಿನ ಹೋದರೆ ನಿಮ್ಮ ಪುಣ್ಯ. ಆ ಕಡೆಯ ಸಾರಸ್ವತ ಊಟದ ಹೋಟೆಲುಗಳಲ್ಲಿ ಖತಖತೆ ಇದ್ದರೆ ಬಿಡಬೇಡಿ. ನಾಲ್ಕಾರು ತರಕಾರಿ, ತೊಗರಿಬೇಳೆ, ಕೊಬ್ಬರಿ ಹಾಕಿ ಮಾಡುವ ಸಾಂಬಾರು. ಮೇಲೆ ತೆಫಳ ಬಿದ್ದಿರುತ್ತದೆ, ಉತ್ತರ ಕನ್ನಡದವರ ಜುಮ್ಮನಕಾಯಿ. ಅದನ್ನು ಜಗಿಯಬಾರದು, ನಾಲಿಗೆ ಜುಮ್ ಅನ್ನುತ್ತದೆ.

ದೇವಸ್ಥಾನ ಬೇಡವಾದರೆ ಕಾಂಪಾಲ್ ಕಡೆ ನಡೆಯಿರಿ. ಮರದ ನೆರಳು, ನದಿ ಗಾಳಿ, ಊರಿನವರ ವಾಕಿಂಗ್ ದಾರಿ. ಅಲ್ಲೇ ಕಲಾ ಅಕಾಡೆಮಿ, ಚಾರ್ಲ್ಸ್ ಕೊರಿಯಾ ಮಾಡಿದ ಕಟ್ಟಡ. ಗೇಟಿನ ಹತ್ತಿರ ತಿಯಾತ್ರ್ ಪೋಸ್ಟರ್ ಇದೆಯಾ ನೋಡಿ. ತಿಯಾತ್ರ್ ಅಂದರೆ ಕೊಂಕಣಿ ನಾಟಕ. 1892ರಲ್ಲಿ ಮುಂಬೈಯಲ್ಲಿ ಶುರುವಾಯಿತು, ಇವತ್ತಿಗೂ ಟಿಕೆಟ್ ತಗೊಂಡು ಜನ ನೋಡುತ್ತಾರೆ. ನಮ್ಮ ಕಡೆಯ ಕಂಪನಿ ನಾಟಕದ ಹಾಗೆ, ದೃಶ್ಯದ ನಡುವೆ ಪರದೆ ಬಿಟ್ಟು ಹಾಡು, ಹಾಡಿನಲ್ಲಿ ಮಂತ್ರಿಗಳಿಗೆ ಬೈಗುಳ. ಕೊಂಕಣಿ ಬಾರದಿದ್ದರೂ ಅತ್ತೆ ನಗುತ್ತಾರೆ. ಮಿರಾಮಾರ್ ದಂಡೆ ಹತ್ತಿರವೇ. ಸೂರ್ಯ ಮುಳುಗುವುದನ್ನು ನೋಡಲಿಕ್ಕೆ ಸರಿ, ನೀರಿಗೆ ಮಾತ್ರ ಇಳಿಯಬೇಡಿ, ಅಲ್ಲಿ ನದಿ ಸೇರುವ ಸೆಳೆತ ಇದೆ. ದೋನಾ ಪಾವ್ಲಾಕ್ಕೆ ಎಲ್ಲರೂ ಹೋಗುತ್ತಾರೆ. ಯಾಕೆ ಅಂತ ನನಗೆ ಇನ್ನೂ ತಿಳಿದಿಲ್ಲ.

ಪ್ರಶ್ನೆ: ಮೇಡಂ, ಮೊಬೈಲ್‌ನಲ್ಲಿ ಹುಡುಕಿದರೆ ಎಲ್ಲರೂ ಅದೇ ಹತ್ತು ಹೋಟೆಲ್ ಹೇಳುತ್ತಾರೆ. ಹೋದರೆ ಬರೀ ಬೆಂಗಳೂರು, ದೆಹಲಿಯವರೇ ಕೂತಿರುತ್ತಾರೆ. ಊರಿನವರು ತಿನ್ನುವ ಜಾಗ ಪತ್ತೆ ಮಾಡುವುದು ಹೇಗೆ? ನಾನು ಎಲ್ಲಾ ತಿನ್ನುತ್ತೇನೆ, ಜೇಬು ಮಾತ್ರ ಚಿಕ್ಕದು.
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಮ್ಮಾ, ಜಾಗ ಹುಡುಕಬೇಡ, ಹೊತ್ತು ಹಿಡಿ. ಊರಿನವರು ತಿನ್ನುವ ಹೊತ್ತಿಗೆ ಹೋದರೆ ಜಾಗ ತಾನೇ ಕಾಣುತ್ತದೆ. ಎಂಟೂವರೆಗೆ ಯಾವ ಕಫೆಯಲ್ಲಿ ನಿಂತು ತಿನ್ನುತ್ತಿದ್ದಾರೆ ನೋಡು. ಹನ್ನೆರಡೂವರೆಗೆ ಬ್ಯಾಂಕು, ಸರಕಾರಿ ಆಫೀಸಿನವರು ಯಾವ ಮೆಟ್ಟಿಲು ಹತ್ತುತ್ತಾರೆ ನೋಡು. ಮೂರು ಗಂಟೆಗೆ ಹಸಿವಾಗಿ ಹೋದರೆ ನಿನಗೆ ಸಿಗುವುದು ಪ್ರವಾಸಿಗರ ಹೋಟೆಲು ಮಾತ್ರ. ಮೀನು ಊಟ ಅಷ್ಟೊತ್ತಿಗೆ ಮುಗಿದಿರುತ್ತದೆ, ಮುಗಿದಿರಲೇಬೇಕು. ಮುಗಿಯದ ಮೀನು ನಿನಗೂ ಬೇಡ.

ಇನ್ನೊಂದು ಗುರುತು, ಮೆನು. ಒಂದೇ ಪುಸ್ತಕದಲ್ಲಿ ಪಾಸ್ತಾ, ಪಂಜಾಬಿ, ಚೈನೀಸ್, ಗೋವನ್ ಎಲ್ಲಾ ಇದ್ದರೆ ನಮಸ್ಕಾರ ಹೇಳಿ ಎದ್ದು ಬಾ. ಗೋಡೆಯ ಹಲಗೆಯಲ್ಲಿ ಇವತ್ತಿನ ಮೀನು ಬರೆದು, ಅದರಲ್ಲಿ ಎರಡು ಹೆಸರಿಗೆ ಗೀಟು ಎಳೆದಿದ್ದರೆ ಅಲ್ಲೇ ಕೂರು.

ತಾಟಿನಲ್ಲಿ ಏನೇನು ಬರುತ್ತದೆ ಅಂತ ತಿಳಿದುಕೊಂಡು ಹೋಗು. ಕುಚ್ಚಲಕ್ಕಿ ಅನ್ನ ಕೇಳಿ ಹಾಕಿಸಿಕೋ. ಕೊಬ್ಬರಿ ಅರೆದ ಹಳದಿ-ಕೆಂಪು ಮೀನು ಸಾರು, ಒಣ ಸೀಗಡಿಗೆ ಕಾಯಿತುರಿ ಕಲಸಿದ ಕಿಸ್ಮೂರ್, ಬಳಚಿನ ಸುಕ್ಕೆ, ಒಂದು ತರಕಾರಿ, ಉಪ್ಪಿನಕಾಯಿ, ಕೋಕಂ, ಕಾಯಿಹಾಲಿನ ಗುಲಾಬಿ ಬಣ್ಣದ ಸೋಲ್ ಕಡಿ. ಇಷ್ಟು ತಾಟಿನದ್ದು. ರವೆ ಹಚ್ಚಿ ಹುರಿದ ಮೀನಿಗೆ ಬೇರೆ ರೇಟು, ಬಿಲ್ಲು ಉಬ್ಬುವುದು ಅಲ್ಲೇ. ಇಸ್ವಣ, ಅಂದರೆ ಅಂಜಲ್ ಮೀನು, ಎಲ್ಲರೂ ಕೇಳುತ್ತಾರೆ, ಅದಕ್ಕೇ ತುಟ್ಟಿ. ಚಿಕ್ಕ ಜೇಬಿಗೆ ಬಂಗಡೆ ತಗೋ. ರುಚಿಯಲ್ಲೂ ನನ್ನ ಓಟು ಅದಕ್ಕೇ. ದುಡ್ಡು ಉಳಿದಿದ್ದರೆ ಮುಡ್ದೊಶಿ, ನಮ್ಮ ಕಾಣೆ ಮೀನು. ಸೋಲ್ ಕಡಿಯನ್ನು ಮೊದಲೇ ಗಟಗಟ ಕುಡಿಯಬೇಡ. ಅರ್ಧ ಉಳಿಸಿಕೊಂಡು ಕೊನೆಗೆ ಅನ್ನಕ್ಕೆ ಹಾಕಿಕೋ.

ಯಾರನ್ನು ಕೇಳಬೇಕು? ಹೋಟೆಲ್ ಕೌಂಟರಿನವರನ್ನಲ್ಲ, ಟ್ಯಾಕ್ಸಿಯವರನ್ನೂ ಅಲ್ಲ. ಮಾರ್ಕೆಟ್ಟಿಗೆ ಹೋಗು. ಗೋವಾಕ್ಕೆ ತರಕಾರಿ, ಹಾಲು ಬರುವುದೇ ಹೆಚ್ಚಾಗಿ ಬೆಳಗಾವಿ ಕಡೆಯಿಂದ. ತರಕಾರಿ ಮಾರುವವರಲ್ಲಿ ಕನ್ನಡ ಮಾತಾಡುವವರು ಬೇಕಾದಷ್ಟು ಜನ. 'ಅಕ್ಕಾ, ಇಲ್ಲಿ ಊಟ ಎಲ್ಲಿ ಚಲೋ ಐತಿ?' ಅಂತ ಕೇಳು. ಆ ಉತ್ತರ ಯಾವ ಆ್ಯಪ್‌ನಲ್ಲೂ ಇಲ್ಲ. ಪೈಲಟ್‌ಗಳನ್ನೂ ಕೇಳಬಹುದು. ವಿಮಾನದವರಲ್ಲ ಮತ್ತೆ, ಹಳದಿ-ಕಪ್ಪು ಬೈಕಿನಲ್ಲಿ ಬಾಡಿಗೆಗೆ ಕೂರಿಸಿಕೊಂಡು ಹೋಗುವವರು. ಒಬ್ಬನೇ ತಿರುಗುವವನಿಗೆ ಟ್ಯಾಕ್ಸಿಗಿಂತ ಅದು ಎಷ್ಟೋ ಅಗ್ಗ, ಹತ್ತುವ ಮೊದಲೇ ದುಡ್ಡು ಮಾತಾಡಿಕೋ.

ಬೆಳಿಗ್ಗೆ ರೂಮಿನ ಕಿಟಕಿಯ ಹತ್ತಿರ 'ಪೊಂಯ್ ಪೊಂಯ್' ಅಂತ ರಬ್ಬರು ಹಾರನ್ ಕೇಳಿದರೆ ಓಡು. ಅವನು ಪೊದೇರ್, ಬ್ರೆಡ್ಡಿನವನು. ಸೈಕಲ್ ಹಿಂದೆ ದೊಡ್ಡ ಬಿದಿರು ಬುಟ್ಟಿ, ಮೇಲೆ ನೀಲಿ ಪ್ಲಾಸ್ಟಿಕ್. ಬಿಚ್ಚಿದರೆ ಬಿಸಿ. ಪೊಯ್ ತಗೋ. ಚಪ್ಪಟೆ, ಒಳಗೆ ಟೊಳ್ಳು, ಮೇಲೆ ಗೋಧಿ ತೌಡು ಅಂಟಿರುತ್ತದೆ. ಬಳೆಯಂಥ ಗರಿಗರಿ ಕಾಂಕಣ ಚಹಾಕ್ಕೆ ಅದ್ದಲು. ಹಿಂದೆ ಹಿಟ್ಟು ಹುಳಿಗೆ ಶೇಂದಿ ಹಾಕುತ್ತಿದ್ದರು, ಈಗ ಹೆಚ್ಚಿನ ಕಡೆ ಈಸ್ಟು. ಹಳಬರು ಗೊಣಗುತ್ತಾರೆ, ತಿನ್ನುವುದನ್ನೇನೂ ಬಿಟ್ಟಿಲ್ಲ.

ರಾತ್ರಿಗೆ ರೋಸ್ ಆಮ್ಲೆಟ್. ಕತ್ತಲಾದ ಮೇಲೆ ಗಾಡಿಗಳು ಬೀದಿಗೆ ಬರುತ್ತವೆ. ಆಮ್ಲೆಟ್ಟನ್ನು ತಟ್ಟೆಗೆ ಹಾಕಿ, ಅದು ಮುಳುಗುವಷ್ಟು ಶಾಕುತಿ ಗ್ರೇವಿ ಸುರಿದು, ಈರುಳ್ಳಿ, ನಿಂಬೆ, ಪಾವ್ ಕೊಡುತ್ತಾರೆ. ಆ ಗ್ರೇವಿ ಕೋಳಿಯದ್ದು, ಗೊತ್ತಿರಲಿ. ಆಮ್ಲೆಟ್ ತಿಂದು ಮುಗಿದ ಮೇಲೆ ಇನ್ನಷ್ಟು ರಸ ಕೇಳಿದರೆ ಹಾಕುತ್ತಾರೆ. ಅಷ್ಟರಲ್ಲಿ ನೀನು ಎರಡನೇ ಪಾವ್ ಹರಿದಿರಬೇಕು.

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಶಿಕ್ಷಕ. ಮಗ ಪಣಜಿಗೆ ಕರೆದೊಯ್ಯುತ್ತೇನೆ ಎನ್ನುತ್ತಾನೆ. ಜೂಜು, ಕುಡಿತದ ಊರಿನಲ್ಲಿ ನನ್ನಂಥವನಿಗೆ ಏನಿದೆ ಅಂತ ಹಿಂದೇಟು ಹಾಕುತ್ತಿದ್ದೇನೆ. ಅಲ್ಲಿ ನಮ್ಮ ಆದಿಲ್ ಶಾಹಿಯದು ಏನಾದರೂ ಉಳಿದಿದೆಯೇ?
— ಓದುಗರು, ವಿಜಯಪುರ

ಉತ್ತರ: ಸರ್, ಹೊರಡಿ. ಕ್ಯಾಸಿನೊಗೆ ದೋಣಿ ಹತ್ತುವ ನದಿ ದಂಡೆಯ ರಸ್ತೆಯಲ್ಲೇ ಬೆನ್ನು ತಿರುಗಿಸಿ ನಿಂತರೆ ನಿಮ್ಮೂರಿನ ಅರಮನೆ ಎದುರಿಗಿದೆ. ಯೂಸುಫ್ ಆದಿಲ್ ಶಾಹ ಸುಮಾರು 1500ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಅದು. 1510ರಲ್ಲಿ ಅಲ್ಬುಕರ್ಕ್ ಗೋವಾ ಗೆದ್ದ ಮೇಲೆ ಪೋರ್ಚುಗೀಸರ ಕೈಗೆ ಹೋಯಿತು. 1759ರಿಂದ ವೈಸರಾಯ್‌ಗಳ ಮನೆ. ಆಮೇಲೆ ಸೆಕ್ರೆಟರಿಯೇಟು, ವಿಧಾನಸಭೆಯೂ 2000ದವರೆಗೆ ಅಲ್ಲೇ. ಕಟ್ಟಡಕ್ಕೆ ಎಷ್ಟೋ ಸಲ ಕೈಯಾಡಿಸಿದ್ದಾರೆ, ಬಿಜಾಪುರದ ಕಮಾನು, ಗುಮ್ಮಟ ಹುಡುಕಿದರೆ ಸಿಗುವುದಿಲ್ಲ. ಕೆಂಪು ಹೆಂಚು, ಉದ್ದ ವರಾಂಡ, ಪೂರಾ ಪೋರ್ಚುಗೀಸ್ ಮುಖ. ಪಕ್ಕದಲ್ಲೇ ಒಂದು ವಿಚಿತ್ರ ಪ್ರತಿಮೆ ಇದೆ, ನಿಲುವಂಗಿಯ ಪಾದ್ರಿ ಕೈ ಚಾಚಿ ಒಬ್ಬ ಹೆಂಗಸನ್ನು ಮೂರ್ಛೆಗೆ ಕೆಡವುತ್ತಿರುವುದು. ಅಬ್ಬೆ ಫರಿಯಾ. 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿ ಪ್ಯಾರಿಸ್ಸಿಗೆ ಹೋಗಿ, ಸಮ್ಮೋಹನ ವಿದ್ಯೆಗೆ ಹೆಸರಾದವನು. ಎದುರಿಗೆ ಕ್ಯಾಸಿನೊ ಬೋರ್ಡುಗಳನ್ನು ನೋಡಿದಾಗಲೆಲ್ಲ, ಪ್ರತಿಮೆಯನ್ನು ಸರಿಯಾದ ಜಾಗದಲ್ಲೇ ನಿಲ್ಲಿಸಿದ್ದಾರೆ ಅನಿಸುತ್ತದೆ ನನಗೆ.

ನಿಮಗೆ ಬೇಕಾದ ಕಲ್ಲು ಹಳೇ ಗೋವಾದಲ್ಲಿದೆ, ಪಣಜಿಯಿಂದ ಸುಮಾರು 10 ಕಿಲೋಮೀಟರು. ಹೋಗುವಾಗ ಹೆದ್ದಾರಿ ಬೇಡ, ನಮ್ಮ ರೈಬಂದರ್ ರಸ್ತೆಯಲ್ಲಿ ಬನ್ನಿ. 1633-34ರಲ್ಲಿ ಕಟ್ಟಿದ ಉದ್ದನೆಯ ಸೇತುವೆ ರಸ್ತೆ ಅದು, ಒಂದು ಕಡೆ ಮಾಂಡವಿ, ಇನ್ನೊಂದು ಕಡೆ ಉಪ್ಪಿನ ಗದ್ದೆಗಳ ಜೌಗು. ಬೊಂ ಜೀಸಸ್ ಬೆಸಿಲಿಕಾದ ಮುಂದೆ ಜನಜಂಗುಳಿ ಇರುತ್ತದೆ, ಅದನ್ನು ನೋಡಿಕೊಂಡು ಸೇಂಟ್ ಕ್ಯಾಜೆಟನ್ ಚರ್ಚಿನ ಕಡೆ ನಡೆಯಿರಿ. ಅಲ್ಲಿ ಹುಲ್ಲಿನ ಮೇಲೆ ಒಂಟಿಯಾಗಿ ನಿಂತ ಕರಿಗಲ್ಲಿನ ಬಾಗಿಲವಾಡ. ಹಿಂದೆ ಗೋಡೆ ಇಲ್ಲ, ಮನೆ ಇಲ್ಲ. ಆದಿಲ್ ಶಾಹನ ಗೋವಾ ಅರಮನೆಯಲ್ಲಿ ಉಳಿದಿರುವುದು ಅಷ್ಟೇ. ಹತ್ತಿರ ಹೋಗಿ ಕಂಬದ ಕೆತ್ತನೆ ನೋಡಿ. ದೇವಸ್ಥಾನದ ಬಾಗಿಲಿನ ಕೆಲಸದಂತೆ ಕಾಣುತ್ತದೆ. ಅದು ಎಲ್ಲಿಂದ ಬಂದ ಕಲ್ಲು ಅಂತ ನೀವು ಮಗನಿಗೆ ಪಾಠ ಶುರು ಮಾಡಬಹುದು.

ಹತ್ತಿರದಲ್ಲೇ, ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿಗೆ ತಾಗಿದ ಪುರಾತತ್ವ ಮ್ಯೂಸಿಯಂನಲ್ಲಿ ಕದಂಬರ ಕಾಲದ ವೀರಗಲ್ಲುಗಳಿವೆ. ಶುಕ್ರವಾರ ಮುಚ್ಚಿರುತ್ತದೆ, ಆ ದಿನ ಬಿಟ್ಟು ಹೋಗಿ. ಗೋವಾದ ಕದಂಬರು ಅಂದರೆ ನಮ್ಮ ಹಲಸಿಯನ್ನೂ ರಾಜಧಾನಿ ಮಾಡಿಕೊಂಡವರೇ. ಗೋವಾದ ಸರಕಾರಿ ಬಸ್ಸಿನ ಮೇಲೆ ಇವತ್ತಿಗೂ 'ಕದಂಬ' ಅಂತಲೇ ಇದೆ. ಅವರ ಕುಲದೇವರು ಸಪ್ತಕೋಟೇಶ್ವರ. ದಿವಾಡಿ ದ್ವೀಪದಲ್ಲಿದ್ದ ಗುಡಿಯನ್ನು ಪೋರ್ಚುಗೀಸರು ಕೆಡವಿದರು, ಲಿಂಗ ನದಿಯಾಚೆ ನಾರ್ವೆ ಅನ್ನುವ ಹಳ್ಳಿಗೆ ಹೋಯಿತು, 1668ರಲ್ಲಿ ಶಿವಾಜಿ ಅಲ್ಲಿ ಗುಡಿ ಕಟ್ಟಿಸಿದ. ಹಳೇ ಗೋವಾದಿಂದ ದಿವಾಡಿಗೆ ಫೆರಿ ಇದೆ. ದ್ವೀಪದಲ್ಲಿ ಗುಡ್ಡದ ಮೇಲೆ ಚರ್ಚು, ಕೆಳಗೆ ಗದ್ದೆ, ಹೆಚ್ಚು ಸದ್ದಿಲ್ಲ. ಕ್ಯಾಸಿನೊ ಊರು ಅಂತ ಬೈದುಕೊಂಡು ಬಂದವರನ್ನೆಲ್ಲ ನಾನು ಅಲ್ಲಿಗೇ ಕಳಿಸುವುದು.

ಇನ್ನೊಂದು ದಿನ ಕೈಯಲ್ಲಿದ್ದರೆ ತಾಂಬ್ಡಿ ಸುರ್ಲಾ. ಪಣಜಿಯಿಂದ 65 ಕಿಲೋಮೀಟರು, ಕಾಡಿನ ನಡುವೆ 12ನೇ ಶತಮಾನದ ಮಹಾದೇವನ ಗುಡಿ, ಕರಿ ಬಸಾಲ್ಟ್ ಕಲ್ಲಿನದು. ಲಕ್ಕುಂಡಿ, ಇಟಗಿ ಕಂಡ ಕಣ್ಣಿಗೆ ಚಿಕ್ಕದು ಅನಿಸಬಹುದು. ಆದರೆ ಗೋವಾದಲ್ಲಿ ಆ ಕಾಲದ್ದು ಮುಕ್ಕಾಗದೆ ಉಳಿದಿರುವುದು ಅದೇ. ಊಟ ಕಟ್ಟಿಕೊಂಡು ಹೋಗಿ.

ಪ್ರಶ್ನೆ: ನೀವೆಲ್ಲ ಕ್ಯಾಸಿನೊ ಅಂದರೆ ಮೂಗು ಮುರಿಯುತ್ತೀರಿ. ನನಗೆ 24 ವರ್ಷ, ಸ್ವಂತ ದುಡಿಮೆ. ಒಮ್ಮೆ ಒಳಗೆ ಹೋಗಿ ನೋಡಬೇಕು ಅಂತ ಆಸೆ. ತಪ್ಪಾ?
— ಯುವತಿ, ಮೈಸೂರು

ಉತ್ತರ: ತಪ್ಪೇನಿಲ್ಲಮ್ಮಾ. ಗೋವಾ ಕಾನೂನು 1996ರಿಂದ ಹಡಗಿನ ಕ್ಯಾಸಿನೊಗೆ ಒಪ್ಪಿಗೆ ಕೊಟ್ಟಿದೆ, 21 ತುಂಬಿದವರು ಹೋಗಬಹುದು. ಗುರುತಿನ ಚೀಟಿ ಇಟ್ಟುಕೋ. ಎಷ್ಟು ಕಳೆಯಲು ಮನಸ್ಸಿದೆಯೋ ಅಷ್ಟು ನಗದು ಮಾತ್ರ ಪರ್ಸಿನಲ್ಲಿರಲಿ, ಕಾರ್ಡು ರೂಮಿನಲ್ಲೇ ಇರಲಿ. ಹೊಟ್ಟೆ ತುಂಬಾ ಅಲ್ಲಿನ ಬಫೆ ತಿನ್ನಬೇಡ. ಪನೀರು, ನೂಡಲ್ಸು ಮೈಸೂರಲ್ಲೂ ಸಿಗುತ್ತದೆ, ಮಾರನೇ ಬೆಳಿಗ್ಗೆ ಪಾತಳ್ ಭಾಜಿಗೆ ಜಾಗ ಬೇಕು. ದಾವಣಗೆರೆ ಹುಡುಗನಿಗೆ ಬರೆದದ್ದನ್ನು ಓದಿಕೋ.

ಪ್ರಶ್ನೆ: ನಮಗೆ ರಜೆ ಸಿಗುವುದೇ ಜುಲೈನಲ್ಲಿ. ಮಳೆಗಾಲದಲ್ಲಿ ಪಣಜಿಗೆ ಬಂದು ಏನು ಮಾಡಬಹುದು? ಮೀನು ಸಿಗಲ್ಲವಂತೆ, ನಿಜವೇ?
— ದಂಪತಿ, ಶಿವಮೊಗ್ಗ

ಉತ್ತರ: ಮಲೆನಾಡಿನವರಿಗೆ ಮಳೆ ಹೊಸತೇ? ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರುಗಳಿಗೆ ನಿಷೇಧ, ನಮ್ಮ ಕರಾವಳಿಯಲ್ಲೂ ಹಾಗೇ ಅಲ್ವಾ? ಮೀನು ಪೂರ್ತಿ ಇಲ್ಲ ಅಂತಲ್ಲ. ಹೊಳೆ ಮೀನು, ಸಣ್ಣ ದೋಣಿಯವರು ತಂದದ್ದು ಸಿಗುತ್ತದೆ, ರೇಟು ಮೇಲೆ. ಆ ತಿಂಗಳಲ್ಲಿ ಇಸ್ವಣ ಕೇಳಿದರೆ ನಿಮಗೆ ಬರುವುದು ಐಸಿನಲ್ಲಿಟ್ಟದ್ದೇ ಇರಬಹುದು. ಅದರ ಬದಲು ಊರಿನವರ ಮಳೆಗಾಲದ ಊಟ ಕೇಳಿ. ಬೇಸಿಗೆಯಲ್ಲಿ ಒಣಗಿಸಿಟ್ಟ ಬಂಗಡೆ ಸುಟ್ಟದ್ದು, ಕಿಸ್ಮೂರ್, ಅಲಸಂದೆ ತೊಣಾಕ್. ತೊಣಾಕ್ ಕಾಳಿನದ್ದು, ಮೀನು ತಿನ್ನದವರಿಗೂ ಆಗುತ್ತದೆ.

ಕಡಲ ದಂಡೆಯ ಆಟಗಳು ಬಂದ್. ಪಣಜಿ ಖಾಲಿ, ರೂಮು ಅಗ್ಗ. ಬೆತಿಂಗೆ ಫೆರಿ ದಾಟಿ ರೈಸ್ ಮಾಗೊಸ್ ಕೋಟೆಗೆ ಹೋಗಿ. 1551ರ ಕೋಟೆ, 1993ರವರೆಗೆ ಜೈಲಾಗಿತ್ತು, 2012ರಲ್ಲಿ ದುರಸ್ತಿ ಮಾಡಿ ತೆರೆದರು. ಒಳಗೆ ಮಾರಿಯೊ ಮಿರಾಂಡಾ ಅವರ ವ್ಯಂಗ್ಯಚಿತ್ರಗಳಿವೆ, ಹೊರಗೆ ಮಳೆ ಹೊಡೆಯುವಾಗ ನಿಧಾನ ನೋಡಬಹುದು. ಕೊತ್ತಲದ ಮೇಲೆ ನಿಂತರೆ ಕೆಂಪು ನೀರಿನ ಮಾಂಡವಿ, ಆಚೆ ಪಣಜಿ. ಚೊರಾಂವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮ ಈ ಸಲ ಬಿಡಿ. ವಲಸೆ ಹಕ್ಕಿ ಬರುವುದು ಚಳಿಗಾಲಕ್ಕೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ದೋಣಿ ಬಿಡುವುದೂ ನೀರಿನ ಉಬ್ಬರ ಇಳಿತ ನೋಡಿಕೊಂಡು. ಫೊಂಟೆಯಿನ್ಯಾಸ್ ಮನೆಗಳು ಜುಲೈನಲ್ಲಿ ಪಾಚಿ ಹಿಡಿದು ಮಂಕಾಗಿರುತ್ತವೆ, ಬಣ್ಣ ಹೊಡೆಯುವುದು ಮಳೆ ನಿಂತ ಮೇಲೆ. ನನಗೆ ಆಗಲೇ ಅವು ಚೆಂದ.

ರಜೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಲು ಸಾಧ್ಯವಾದರೆ ಆಗಸ್ಟ್ ತಿಂಗಳ ನಾಲ್ಕನೇ ಶನಿವಾರಕ್ಕೆ ಬನ್ನಿ, ದಿವಾಡಿಯಲ್ಲಿ ಬೊಂದೆರಾಂ. ಊರ ಗಡಿ ಜಗಳದಲ್ಲಿ ನೆಟ್ಟ ಬಾವುಟಗಳಿಂದ ಹುಟ್ಟಿದ ಹಬ್ಬ, ಈಗ ಬಾವುಟ, ಬ್ಯಾಂಡು, ಮೆರವಣಿಗೆ. ಫೆರಿಗೆ ಉದ್ದ ಸಾಲಿರುತ್ತದೆ, ಗಾಡಿ ಈ ಕಡೆ ಬಿಟ್ಟು ನಡೆದೇ ಹತ್ತಿ. ಕೊಡೆ ಬೇಡ, ನದಿ ಗಾಳಿಗೆ ಮಗುಚುತ್ತದೆ. ರೇನ್‌ಕೋಟ್ ತನ್ನಿ.